ಕಂಬದ ಮೇಲಿದ್ದವನು ನನ್ನ ತಮ್ಮ

ಬಸ್ ಡಿಪೋದಲ್ಲಿ ಕಂಡಕ್ಟರಾಗಿದ್ದ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಹಿಂಬಾಗಿಲಿನಲ್ಲಿ ನಿಂತು "ರೈಟ್, ರೈಟ್!" ಎಂದು ಅವಳು ಕೂಗಿದರೆ ಪಕ್ಕದ ಬಸ್ಸಿನ ಡ್ರೈವರೂ ಗೇರು ಹಾಕಿಬಿಡುತ್ತಾನೆ ಎಂಬುದು ಅಲ್ಲಿಯ ಹಳೆಯ ತಮಾಷೆ. ಹಾಗಾಗಿ ಎಲ್ಲರಿಗೂ ಅವಳು ರೈಟಕ್ಕ. ಬಸುರಿ ಹೆಂಗಸು ಎದುರಿಗೆ ನಿಂತಿದ್ದರೂ ಸೀಟು ಬಿಡದ ಗಂಡಸನ್ನು ಕಂಡರೆ ಅವಳು ಬೈಯುತ್ತಿರಲಿಲ್ಲ. "ಏನಪ್ಪಾ, ನಿಂದು ಎಷ್ಟನೇ ತಿಂಗಳು?" ಎಂದು ಇಡೀ ಬಸ್ಸಿಗೆ ಕೇಳುವಂತೆ ವಿಚಾರಿಸುತ್ತಿದ್ದಳು. ಅವನು ಎದ್ದು ನಿಲ್ಲುವುದಷ್ಟೇ ಅಲ್ಲ, ಮುಂದಿನ ಸ್ಟಾಪಿನಲ್ಲಿ ಇಳಿದೇ ಹೋಗುತ್ತಿದ್ದ.

ಮದುವೆ ಅವಳ ಹಣೆಯಲ್ಲಿ ಬರೆದಿರಲಿಲ್ಲ, ಅಥವಾ ಬರೆಸಿಕೊಳ್ಳಲು ಪುರುಸೊತ್ತು ಸಿಗಲಿಲ್ಲ. ತಾಯಿ ತೀರಿಕೊಂಡಾಗ ಇವಳಿಗಿನ್ನೂ ಹದಿನೇಳು, ತಮ್ಮನಿಗೆ ಆರು. ಅವನ ಮೂಗು ಒರೆಸಿದ್ದು, ಶಾಲೆಗೆ ಸೇರಿಸಿದ್ದು, ಪರೀಕ್ಷೆಯಲ್ಲಿ ಫೇಲಾದಾಗ ಎರಡು ಬಾರಿಸಿ ಆಮೇಲೆ ತಾನೇ ಅತ್ತದ್ದು ಎಲ್ಲವೂ ಅಕ್ಕನೇ. ತಮ್ಮ ಬೆಳೆದು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆದ. ಅವನಿಗೆ ಹೆಂಡತಿಯನ್ನು ಹುಡುಕಿದವಳೂ ಅಕ್ಕನೇ. ಒಂದೇ ಕಟ್ಟಡದ ಕೆಳಗಿನ ಮನೆಯಲ್ಲಿ ಇವಳು, ಮೇಲಿನ ಮನೆಯಲ್ಲಿ ತಮ್ಮ, ಅವನ ಹೆಂಡತಿ, ಒಂಬತ್ತು ವರ್ಷದ ಮಗಳು. ತಮ್ಮನ ಹೆಂಡತಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು, ಮಾತು ಕಮ್ಮಿ. ಮಗಳಿಗೆ ಮಾತ್ರ ಅತ್ತೆಯ ಬಾಯಿಯೇ ಬಂದಿತ್ತು.

ತಮ್ಮ ಸತ್ತದ್ದು ನಡುಹಗಲಿನಲ್ಲಿ, ಮಾರುಕಟ್ಟೆ ಬೀದಿಯಲ್ಲಿ. ಗಾಳಿಗೆ ತುಂಡಾಗಿದ್ದ ತಂತಿ ಜೋಡಿಸಲು ಕಂಬ ಹತ್ತಿದ್ದ. ಕಚೇರಿಗೆ ಫೋನು ಮಾಡಿ, ಲೈನು ಬಂದ್ ಮಾಡಿಸಿಯೇ ಹತ್ತಿದ್ದ. ಆದರೆ ಕರೆಂಟು ಹೋಯಿತೆಂದು ಬೀದಿಯ ಅಂಗಡಿಯವನೊಬ್ಬ ತನ್ನ ಜನರೇಟರ್ ಶುರು ಮಾಡಿದ. ಅದರ ವೈರನ್ನು ಅಡ್ಡಾದಿಡ್ಡಿ ಜೋಡಿಸಿದ್ದರಿಂದ ವಿದ್ಯುತ್ತು ಅಂಗಡಿಯಿಂದ ಹಿಂದಕ್ಕೆ ಕಂಬದ ತಂತಿಗೇ ಹರಿಯಿತು. ಕಂಬದ ಮೇಲೆ ತಮ್ಮ ಒದ್ದಾಡಿದ. ಸೊಂಟದ ಪಟ್ಟಿ ಅವನನ್ನು ಕೆಳಗೆ ಬೀಳಲೂ ಬಿಡಲಿಲ್ಲ. ಹಣ್ಣಿನ ಗಾಡಿಯ ಮುದುಕನೊಬ್ಬ "ಆಫ್ ಮಾಡ್ರೋ, ಆಫ್ ಮಾಡ್ರೋ" ಎಂದು ಅಂಗಡಿಯಿಂದ ಅಂಗಡಿಗೆ ಓಡಿದ. ಉಳಿದವರಲ್ಲಿ ಬಹಳಷ್ಟು ಮಂದಿ ಫೋನು ಮೇಲೆತ್ತಿ ಹಿಡಿದರು.

ದುಃಖ ಎಲ್ಲರ ಮನೆಗೂ ಬರುತ್ತದೆ, ಬಂದು ಒಂದು ಮೂಲೆಯಲ್ಲಿ ಕೂರುತ್ತದೆ. ಈ ಮನೆಯ ದುಃಖವನ್ನು ಕೂರಲೂ ಬಿಡಲಿಲ್ಲ. ರಜೆ ಮುಗಿಸಿ ರೈಟಕ್ಕ ಕೆಲಸಕ್ಕೆ ಹಾಜರಾದ ವಾರವೇ, ಹಿಂದಿನ ಸೀಟಿನಲ್ಲಿ ಇಬ್ಬರು ಹುಡುಗರು ಒಂದೇ ಫೋನಿನ ಮೇಲೆ ಬಾಗಿ ಬಿದ್ದೂ ಬಿದ್ದೂ ನಗುತ್ತಿದ್ದರು. ಡೋಲಿನ ಕುಣಿತದ ತಾಳ ಕೇಳಿಸುತ್ತಿತ್ತು. ಟಿಕೆಟು ಹರಿದು ಕೊಡುತ್ತಾ "ಏನ್ರಪ್ಪಾ ಅಷ್ಟೊಂದು ನಗು, ನಮಗೂ ಹೇಳಿ" ಎಂದಳು.

"ಸಖತ್ತಾಗಿದೆ ಅಕ್ಕಾ, ನೋಡಿ" ಎಂದು ಒಬ್ಬ ಫೋನು ತಿರುಗಿಸಿದ.

ಮೊದಲು ಅವಳಿಗೆ ಕಂಬ ಮಾತ್ರ ಕಾಣಿಸಿತು. ಆಮೇಲೆ ಅಂಗಿ. ಆಮೇಲೆ ಡೋಲಿನ ಏಟಿಗೆ ಸರಿಯಾಗಿ ಸೆಟೆದು ಸೆಟೆದು ಕುಣಿಯುತ್ತಿದ್ದ ಎರಡು ಕೈ. ಮೇಲೆ ದಪ್ಪಕ್ಷರದಲ್ಲಿ 'ಕರೆಂಟ್ ಡ್ಯಾನ್ಸ್' ಎಂದಿತ್ತು, ಸುತ್ತ ಕಣ್ಣೀರು ಬರುವಷ್ಟು ನಗುವ ಮುಖಗಳು.

"ಅದು ನನ್ನ ತಮ್ಮ" ಎಂದಳು. ಅಷ್ಟು ಸಣ್ಣ ದನಿ ಅವಳ ಗಂಟಲಿನಿಂದ ಆ ಬಸ್ಸಿನಲ್ಲಿ ಯಾರೂ ಕೇಳಿರಲಿಲ್ಲ.

ಹುಡುಗ ಬಿಳಿಚಿಕೊಂಡ. "ಸಾರಿ ಅಕ್ಕಾ. ನಂಗೊತ್ತಿರ್ಲಿಲ್ಲ. ನಾನು ಹುಡುಕ್ಲಿಲ್ಲ ಅಕ್ಕಾ, ತಾನಾಗೇ ಬಂತು."

"ತಾನಾಗೇ ಬರೋಕೆ ಅದಕ್ಕೇನು ಕಾಲಿದೆಯೇನೋ?" ಎಂದು ಅವಳು ಸಿಡಿದಳು.

ಹುಡುಗ ಫೋನನ್ನು ಜೇಬಿಗೆ ತುರುಕಿಕೊಂಡ. ಆದರೆ ಪ್ರಶ್ನೆ ಅವಳ ತಲೆಯಲ್ಲೇ ಉಳಿಯಿತು. ವಿಡಿಯೋ ತೆಗೆದವನೊಬ್ಬ, ಡೋಲು ಸೇರಿಸಿದವನೊಬ್ಬ, ಅವರು ಪಾಪಿಗಳೇ ಸರಿ. ಆದರೆ ಅದನ್ನು ಹೊತ್ತುಕೊಂಡು ಹೋಗಿ, ಕೇಳದವರ ಅಂಗೈಗೂ ಇಟ್ಟು ಬರುತ್ತಿರುವವನು ಯಾರು?

ಅವಳ ಸಿಟ್ಟಿಗೆ ಗುರಿ ಸಿಕ್ಕಿದ್ದು ತಮ್ಮನ ಮಗಳಿಂದ. ಶಾಲೆಯ ಆಟದ ಹೊತ್ತಿನಲ್ಲಿ ನಾಲ್ಕೈದು ಮಕ್ಕಳು ಅವಳ ಸುತ್ತ ನಿಂತು ಕೈ ಸೆಟೆಸಿ 'ಕರೆಂಟ್ ಡ್ಯಾನ್ಸ್' ಕುಣಿದರಂತೆ. ಒಬ್ಬಳು ಫೋನನ್ನೂ ತಂದು ತೋರಿಸಿದಳಂತೆ. ಅಂದಿನಿಂದ ಹುಡುಗಿ ಮನೆಯ ಯಾವ ಸ್ವಿಚ್ಚನ್ನೂ ಮುಟ್ಟುತ್ತಿರಲಿಲ್ಲ. ತಾಯಿ ಕಾರ್ಖಾನೆಯಿಂದ ಬರುವವರೆಗೆ ಮಬ್ಬುಗತ್ತಲಲ್ಲೇ ಕೂತಿರುತ್ತಿದ್ದಳು.

"ದೀಪ ಹಾಕೇ ಕಂದಾ" ಎಂದರೆ, "ಬೇಡ ಅತ್ತೆ, ನಂಗೂ ಹಾಗೇ ಆದ್ರೆ ಅವರು ನಗ್ತಾರೆ" ಎಂದಳು.

ಸಾಯುತ್ತೇನೆಂಬ ಹೆದರಿಕೆಯಲ್ಲ, ನಗುತ್ತಾರೆಂಬ ಹೆದರಿಕೆ.

ರೈಟಕ್ಕ ಆ ವಿಡಿಯೋ ಹರಡುತ್ತಿದ್ದ ಆ್ಯಪಿನಲ್ಲಿ ದೂರು ಕೊಡುವ ಗುಂಡಿ ಹುಡುಕಿದಳು. ಅದು ಕೇಳಿದ ಪ್ರಶ್ನೆಗಳಲ್ಲಿ 'ಇವನು ನನ್ನ ತಮ್ಮ' ಎಂಬುದಕ್ಕೆ ಜಾಗವೇ ಇರಲಿಲ್ಲ. ಸಿಕ್ಕಿದ್ದನ್ನು ಒತ್ತಿದಳು. ಮಾರನೆಯ ದಿನ ಉತ್ತರ ಬಂತು: "ಪ್ರೀತಿಯ ಬಳಕೆದಾರನೇ, ನಿನ್ನ ವರದಿಗೆ ನಾವು ಕೃತಜ್ಞತೆ. ಈ ತುಣುಕು ನಮ್ಮ ಸಮುದಾಯದ ನಡತೆಗೆ ಎದುರು ಹೋಗುವುದಿಲ್ಲ. ನೀನು ನೋಡುವುದನ್ನು ಇಷ್ಟವಿಲ್ಲದಿದ್ದರೆ ಮರೆಮಾಡು."

"ಇದು ಯಾವ ಭಾಷೆನೇ?" ಎಂದು ಅವಳು ತಮ್ಮನ ಹೆಂಡತಿಗೆ ಓದಿ ಹೇಳಿದಳು. "ಹೆತ್ತ ತಾಯಿಗೂ ಅರ್ಥ ಆಗಲ್ಲ. ಮನುಷ್ಯರು ಬರೆದಿದ್ದಾ, ಮಿಷನ್ನು ಕಾರಿದ್ದಾ?"

ಪೊಲೀಸ್ ಠಾಣೆಯಲ್ಲಿ ಸಬ್‌ಇನ್ಸ್‌ಪೆಕ್ಟರ್ ವಿಡಿಯೋ ನೋಡಿ, "ಇದಾ? ನಮ್ಮ ಗ್ರೂಪಲ್ಲೂ ಬಂದಿತ್ತಲ್ಲ" ಎಂದ. ಆಮೇಲೆ ನಾಲಿಗೆ ಕಚ್ಚಿಕೊಂಡ. "ಕಂಪನಿ ಸಮುದ್ರದ ಆಚೆ ಇದೆ ಅಮ್ಮಾ. ನಾವು ಪತ್ರ ಬರೆದ್ರೆ ನಮಗೇ ಉತ್ತರ ಬರಲ್ಲ, ನಿಮಗೆಲ್ಲಿಂದ ಬರುತ್ತೆ?" ಎಂದು ಕೈ ಚೆಲ್ಲಿದ.

ಸಮುದ್ರದ ಆಚೆ ಇದ್ದ ಕಂಪನಿಗೆ ರಾಜಧಾನಿಯಲ್ಲೊಂದು ಕಚೇರಿಯಿತ್ತು. ಗಾಜಿನ ಕಟ್ಟಡ, ಹೊರಗೆ ಸುಡುಬಿಸಿಲಿದ್ದರೂ ಒಳಗೆ ಹಲ್ಲು ಕಟಕಟಿಸುವ ಚಳಿ. ಇಬ್ಬರೂ ಹೆಂಗಸರು ಒಂದು ದಿನದ ಸಂಬಳ ಬಿಟ್ಟು ಹೋದರು. ಮೆತ್ತನೆಯ ಸೋಫಾದಲ್ಲಿ ಕೂರಿಸಿ, ಕಂಪನಿಯ ಚಿಹ್ನೆಯಿದ್ದ ಬಾಟಲಿಯಲ್ಲಿ ನೀರು ಕೊಟ್ಟರು. ಬಹಳ ಹೊತ್ತಿನ ಮೇಲೆ ಬಂದ ತರುಣ ಬಹಳ ಮರ್ಯಾದೆಯವನು.

"ಮೇಡಂ, ನಿಮಗಾದದ್ದು ಕೇಳಿ ತುಂಬಾ ಬೇಜಾರಾಯ್ತು. ಆದ್ರೆ ಇಲ್ಲಿ ನಾವು ಜಾಹೀರಾತು ಮಾರೋರು ಅಷ್ಟೇ. ದೂರು ನೋಡೋರು ಇಲ್ಲಿಲ್ಲ."

"ಮತ್ತೆಲ್ಲಿದ್ದಾರೆ?"

"ಅದು ನಮಗೂ ಗೊತ್ತಿಲ್ಲ ಮೇಡಂ. ಆ್ಯಪಿನಲ್ಲೇ ದೂರು ಕೊಡಿ."

"ಕಾಸು ತಗೊಳ್ಳೋಕೆ ಬಾಗಿಲಿದೆ, ಕಣ್ಣೀರು ತಗೊಳ್ಳೋಕೆ ಕಿಟಕೀನೂ ಇಲ್ವಾ?" ಎಂದು ರೈಟಕ್ಕ ಎದ್ದಳು. ಆ ದನಿಗೆ ಗಾಜಿನಾಚೆ ಕೂತಿದ್ದವರೆಲ್ಲ ತಲೆಯೆತ್ತಿದರು. ಕಾವಲಿನವನು ಓಡಿ ಬಂದ. ಮರ್ಯಾದೆಯ ತರುಣ ಬಾಗಿಲವರೆಗೆ ಬಂದು ಬೀಳ್ಕೊಟ್ಟ.

ಅದೇ ಹೊತ್ತಿಗೆ ಸರ್ಕಾರ ಇಂಥ ಕಂಪನಿಗಳನ್ನು ಹದ್ದುಬಸ್ತಿನಲ್ಲಿಡಲು ಹೊಸ ಕಾನೂನು ತರುತ್ತೇವೆಂದು ಸಾರ್ವಜನಿಕರ ಸಭೆ ಕರೆಯಿತು. ರೈಟಕ್ಕ ಸಮವಸ್ತ್ರದಲ್ಲೇ ಹೋದಳು. ವೇದಿಕೆಯ ಮೇಲೆ ಸಚಿವರು, ಒಂದು ಬದಿಗೆ ಕಂಪನಿಯ ವಕೀಲ. ಎದುರಿಗೆ ಕುಳಿತಿದ್ದ ನರೆಗಡ್ಡದ ಪತ್ರಕರ್ತನೊಬ್ಬ ಎದ್ದು, "ಕಂಪನಿಗೆ ಲಗಾಮು ಬೇಕು, ನಿಜ. ಆದರೆ ಆ ಲಗಾಮನ್ನು ಸಚಿವರ ಕೈಗೆ ಕೊಟ್ಟರೆ ನಾಳೆ ನಮ್ಮ ಬಾಯಿಗೂ ಅದೇ ಕಟ್ಟುತ್ತಾರೆ. ಸ್ವತಂತ್ರ ಮಂಡಳಿ ಇರಲಿ" ಎಂದ.

ರೈಟಕ್ಕನಿಗೆ ತಡೆಯಲಾಗಲಿಲ್ಲ. ಮೈಕಿಗೂ ಕಾಯದೆ ಎದ್ದು ನಿಂತಳು. "ನಿಮಗೆ ನಿಮ್ಮ ಬಾಯಿ ಚಿಂತೆ ಸ್ವಾಮಿ. ನನ್ನ ತಮ್ಮ ಬಾಯಿ ಬಿಟ್ಟುಕೊಂಡೇ ಸತ್ತ, ಊರೆಲ್ಲ ಅದನ್ನ ನೋಡಿ ನಗ್ತಿದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನನಗೆ ಲಗಾಮು ಯಾರ ಕೈಲಿದ್ರೂ ಪರವಾಗಿಲ್ಲ, ಮೊದಲು ಕುದುರೆ ನಿಲ್ಸಿ!"

ಸಭೆ ಚಪ್ಪಾಳೆ ತಟ್ಟಿತು. ಸಚಿವರು ಕಣ್ಣೊರೆಸಿಕೊಂಡರು. ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, "ಈ ತಾಯಿಯ ಕಣ್ಣೀರಿಗೆ ನಮ್ಮ ಕಾನೂನೇ ಉತ್ತರ" ಎಂದರು. ಪತ್ರಕರ್ತ ಮಾತ್ರ ಅವಳನ್ನು ಮೆಟ್ಟಿಲ ಹತ್ತಿರ ತಡೆದು, "ನಿಮ್ಮ ಸಿಟ್ಟು ಸರಿ ಅಕ್ಕಾ. ಅದನ್ನ ಯಾರಿಗೆ ಕೊಟ್ಟು ಬರ್ತಿದ್ದೀರಿ ಅನ್ನೋದು ನೋಡ್ಕೊಳ್ಳಿ" ಎಂದು ತನ್ನ ನಂಬರು ಕೊಟ್ಟ. ಅವಳು ಮುಖ ತಿರುಗಿಸಿಕೊಂಡು ಹೋದಳು.

ಕಾನೂನು ಬಂತು. ಸಚಿವಾಲಯ ಹೇಳಿದ್ದನ್ನು ಕಂಪನಿ ಒಂದು ದಿನದೊಳಗೆ ತೆಗೆಯಬೇಕು, ಇಲ್ಲದಿದ್ದರೆ ದಂಡ. ಊರಿನ ಬಸ್ಸುಗಳ ಬೆನ್ನಿಗೆಲ್ಲ ದೊಡ್ಡ ಚಿತ್ರ ಅಂಟಿತು. ಸಚಿವರ ಪಕ್ಕದಲ್ಲಿ ರೈಟಕ್ಕ, ಕೆಳಗೆ 'ನಿಮ್ಮ ಮಾನ, ನಮ್ಮ ಕಾನೂನು'. ಡಿಪೋದವರು, "ಅಕ್ಕಾ, ಇಷ್ಟು ದಿನ ಬಸ್ಸೊಳಗೆ ಇದ್ದೆ, ಈಗ ಹೊರಗೂ ನೀನೇ" ಎಂದು ಚುಡಾಯಿಸಿದರು. ಅವಳು ಹೊಸ ಕಾನೂನಿನಡಿ ತಮ್ಮನ ವಿಡಿಯೋ ತೆಗೆಸಲು ಅರ್ಜಿ ಹಾಕಿ ಕಾಯತೊಡಗಿದಳು.

ಕಾಯುತ್ತಿರುವಾಗಲೇ ಅವರ ಡಿಪೋದಲ್ಲಿ ಗಲಾಟೆಯಾಯಿತು. ಬ್ರೇಕು ಸರಿಯಿಲ್ಲದ ಬಸ್ಸುಗಳನ್ನು ರಸ್ತೆಗೆ ಬಿಡುತ್ತಿದ್ದಾರೆಂದು ಡ್ರೈವರುಗಳು ಬಾನೆಟ್ಟು ಎತ್ತಿ, ಸವೆದ ಬ್ರೇಕುಗಳನ್ನು ತೋರಿಸಿ ಒಂದು ವಿಡಿಯೋ ಮಾಡಿ ಆ್ಯಪಿಗೆ ಹಾಕಿದರು. ರೈಟಕ್ಕನೂ ಅದರಲ್ಲಿ ನಿಂತು, "ಟಿಕೆಟು ನಾನು ಕೊಡ್ತೀನಿ, ಜೀವಕ್ಕೆ ಗ್ಯಾರಂಟಿ ಯಾರು ಕೊಡ್ತಾರೆ?" ಎಂದು ಕೇಳಿದ್ದಳು. ಬೆಳಿಗ್ಗೆ ಹಾಕಿದ ವಿಡಿಯೋ ಮಧ್ಯಾಹ್ನದ ಊಟದ ಹೊತ್ತಿಗೆ ಮಾಯ. ಆ ಜಾಗದಲ್ಲಿ ಒಂದೇ ಸಾಲು: 'ಸರ್ಕಾರದ ಕಾನೂನುಬದ್ಧ ಆದೇಶದಂತೆ ತೆಗೆಯಲಾಗಿದೆ.'

ಡೋಲಿನ ತಾಳಕ್ಕೆ ಕುಣಿಯುವ ತಮ್ಮ ಮಾತ್ರ ಅಲ್ಲೇ ಇದ್ದ.

ಅವಳು ನೇರ ಸಚಿವಾಲಯಕ್ಕೆ ಹೋದಳು. ಗುಮಾಸ್ತ ಕಂಪ್ಯೂಟರ್ ನೋಡಿ, "ನಿಮ್ಮದು ಸಾಲಿನಲ್ಲಿದೆ" ಎಂದ.

"ಬಸ್ಸಿನ ವಿಡಿಯೋ ಯಾವ ಸಾಲಿನಲ್ಲಿತ್ತು?"

"ಅದು ಸಾರ್ವಜನಿಕರಲ್ಲಿ ಭೀತಿ ಹುಟ್ಟಿಸೋದು ಅಮ್ಮಾ, ತುರ್ತು. ನಿಮ್ಮದು..." ಅವನು ಸ್ವಲ್ಪ ತಡೆದು, ಸಮಾಧಾನ ಹೇಳುವವನಂತೆ ಮುಂದುವರಿಸಿದ. "ಹೋದೋರು ಹೋದ್ರು. ಅವರಿಗಿನ್ನು ಆತುರ ಏನಿದೆ?"

ಎದುರಿಗಿದ್ದ ಮೇಜು ತಲೆಕೆಳಗಾಗದಿದ್ದುದು ಆ ಮೇಜಿನ ಪುಣ್ಯ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಆ ಬೇಲಿಗೆ ಗೂಟ ನೆಟ್ಟುಕೊಟ್ಟವಳು ತಾನೇ ಎಂಬುದು ಅವಳನ್ನು ಇನ್ನಷ್ಟು ಸುಟ್ಟಿತು. ಕಂಪನಿಗೆ ತೆಗೆಯಲು ಬರುವುದಿಲ್ಲ ಎಂದುಕೊಂಡಿದ್ದಳು. ಬರುತ್ತದೆ! ಒಂದು ಊಟದ ಹೊತ್ತಿನಲ್ಲಿ ಬರುತ್ತದೆ. ಹೇಳುವವನ ಕುರ್ಚಿ ದೊಡ್ಡದಿರಬೇಕು ಅಷ್ಟೇ.

ಡಿಪೋಗೆ ಬಂದವಳೇ ತನ್ನ ಬಸ್ಸಿನ ಬೆನ್ನಿಗಿದ್ದ ಚಿತ್ರವನ್ನು ಕಬ್ಬಿಣದ ಪಟ್ಟಿಯಿಂದ ಕೆರೆದಳು. ಮೊದಲು ಸಚಿವರ ಮುಖ, ಆಮೇಲೆ ತನ್ನದು. ಮ್ಯಾನೇಜರ್ ಓಡಿ ಬಂದು, "ಸರ್ಕಾರಿ ಆಸ್ತಿ ಅದು, ಏನು ಮಾಡ್ತಿದ್ದೀಯಮ್ಮಾ!" ಎಂದರು.

"ಆ ಮೂತಿ ನಂದು ಸಾರ್. ಸರ್ಕಾರಕ್ಕೆ ಬರ್ಕೊಟ್ಟಿಲ್ಲ."

ಎರಡು ವಾರ ಅಮಾನತು ಮಾಡಿದರು. ಮನೆಯಲ್ಲಿ ಕೂತಾಗ ಪತ್ರಕರ್ತನ ನಂಬರು ನೆನಪಾಯಿತು. ಸೋತು ಫೋನು ಮಾಡುವುದು ಅವಳ ಜಾಯಮಾನವಲ್ಲ, ಆದರೂ ಮಾಡಿದಳು. "ಹೇಳಿದ್ದೆನಲ್ಲ" ಎನ್ನುತ್ತಾನೆಂದು ಹಲ್ಲು ಕಚ್ಚಿ ಕಾದಳು. ಅವನು ಹಾಗೆನ್ನಲಿಲ್ಲ. "ಆ ವಿಡಿಯೋಗೆ ಮುಂಚೆ ಜಾಹೀರಾತು ಬರುತ್ತಾ ಅಕ್ಕಾ?" ಎಂದು ಕೇಳಿದ. "ಹಾಗಿದ್ರೆ ನೋಡುವ ಒಬ್ಬೊಬ್ಬರಿಂದಲೂ ಕಂಪನಿಗೆ ಆದಾಯ. ಜಾಹೀರಾತು ಕೊಟ್ಟೋನು ಬೈದ್ರೆ ಮಾತ್ರ ಅವರಿಗೆ ಕಿವಿ ಕೇಳಿಸುತ್ತೆ."

ಅವಳು ಮೊದಲ ಬಾರಿಗೆ ಆ ವಿಡಿಯೋವನ್ನು ಬೇಕೆಂದೇ ತೆರೆದಳು. ತಮ್ಮ ಕುಣಿಯುವ ಮುಂಚೆ ನಗುನಗುತ್ತಾ ಒಂದು ಸಂಸಾರ ಹೊಸ ಫ್ರಿಜ್ಜಿನ ಬಾಗಿಲು ತೆರೆಯಿತು. 'ತಂಪಾಗಿರಿ, ನೆಮ್ಮದಿಯಾಗಿರಿ.' ಉರಿಯುವ ಮನೆಯಲ್ಲಿ ಗಳ ಹಿರಿಯುವುದೆಂದರೆ ಇದೇ ಇರಬೇಕು. ಜಾಹೀರಾತಿನಲ್ಲಿ ಹೆಸರಿದ್ದ ಆ ಫ್ರಿಜ್ಜಿನ ಅಂಗಡಿ ಅವಳ ಬಸ್ಸು ಹಾದುಹೋಗುವ ಮುಖ್ಯ ರಸ್ತೆಯಲ್ಲೇ ಇತ್ತು.

ಮಾರನೆಯ ಬೆಳಿಗ್ಗೆ ಅವಳು ಹೊರಟಾಗ ತಮ್ಮನ ಹೆಂಡತಿ ಕಾರ್ಖಾನೆಯ ಚೀಲ ಕೆಳಗಿಟ್ಟು, "ನಾನೂ ಬರ್ತೀನಿ" ಎಂದಳು.

ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ರೈಟಕ್ಕ ಸಾಲಾಗಿ ನಿಂತ ಬಿಳಿ ಫ್ರಿಜ್ಜುಗಳ ನಡುವೆ ನಿಂತು ಬಾಯಿ ತೆರೆಯುವ ಮೊದಲೇ, ಎಂದೂ ಮಾತಾಡದ ತಮ್ಮನ ಹೆಂಡತಿ ಫೋನು ಹಿಡಿದು ಒಬ್ಬ ಗಂಡಹೆಂಡಿರ ಮುಂದೆ ಹೋಗಿದ್ದಳು. "ಸ್ವಲ್ಪ ನೋಡಿ. ಮೊದಲು ಬರೋದು ಈ ಅಂಗಡಿ ಫ್ರಿಜ್ಜು. ಆಮೇಲೆ ಸಾಯ್ತಿರೋದು ನನ್ನ ಗಂಡ." ಆ ಹೆಂಗಸು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ತಮ್ಮನ ಹೆಂಡತಿ ಮುಂದಿನ ಗಿರಾಕಿಯ ಬಳಿ ನಡೆದಳು. ಅದೇ ಮಾತು, ಅದೇ ದನಿ. ರೈಟಕ್ಕನ ಕೂಗಿಗಿಂತ ಆ ಮೆಲುದನಿ ಹೆಚ್ಚು ಕೇಳಿಸಿತು.

ಅಂಗಡಿಯ ಯಜಮಾನ ಬೆವರೊರೆಸುತ್ತಾ ಬಂದ. "ಅಮ್ಮಾ, ದೇವರಾಣೆ ನಂಗೊತ್ತಿಲ್ಲ. ದುಡ್ಡು ಕೊಡ್ತೀವಿ, ಎಲ್ಲಿ ತೋರಿಸ್ತಾರೆ ಅಂತ ಅವರು ನಮಗೆ ಹೇಳಲ್ಲ."

"ಹಾಗಾದ್ರೆ ನಮ್ಮ ಮುಂದೇನೇ ಕೇಳಿ" ಎಂದು ರೈಟಕ್ಕ ಅವನ ಕುರ್ಚಿಯಲ್ಲೇ ಕುಳಿತಳು.

ಅವನು ಫೋನು ಮಾಡಿದ್ದು ಬೇರಾರಿಗೂ ಅಲ್ಲ, ಗಾಜಿನ ಕಟ್ಟಡದ ಅದೇ ಮರ್ಯಾದೆಯ ತರುಣನಿಗೆ. "ದೂರು ನೋಡೋರು ಯಾರೂ ಗೊತ್ತಿಲ್ಲ" ಎಂದಿದ್ದವನಿಗೆ ಈಗ ಎಲ್ಲರೂ ಗೊತ್ತಾದರು. ಅವರು ಅಂಗಡಿಯಲ್ಲೇ ಕುಳಿತಿರುವಾಗ ವಿಡಿಯೋ ಹೋಯಿತು. ತಮ್ಮನ ಹೆಂಡತಿ ಖಾಲಿ ಪರದೆಯನ್ನು ನೋಡುತ್ತಾ ನಿಂತಳು. ಆಮೇಲೆ, "ಇಷ್ಟೇನಾ ಅಕ್ಕಾ? ಇಷ್ಟಕ್ಕೆ ನನ್ನ ಮಗು ಕತ್ತಲಲ್ಲಿ ಕೂರಬೇಕಾಯ್ತಾ?" ಎಂದು ಅಲ್ಲೇ ನೆಲದ ಮೇಲೆ ಕುಸಿದು ಅತ್ತಳು. ಗಂಡ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಖುಷಿಪಡುವ ಗೆಲುವಾಗಿರಲಿಲ್ಲ ಅದು. ಬೇರೆ ಬೇರೆ ಹೆಸರಿನವರು ಹಾಕಿದ ನಕಲುಗಳು ಇನ್ನೂ ಇದ್ದವು. ಡ್ರೈವರುಗಳ ಸಂಘ ಕೋರ್ಟಿಗೆ ಹೋಯಿತು. ಕಾರಣ ಬರೆದು ಕೊಡದೆ ಸಚಿವಾಲಯ ಏನನ್ನೂ ತೆಗೆಸುವಂತಿಲ್ಲ ಎಂದು ನ್ಯಾಯಾಧೀಶರು ಹೇಳಿದ್ದರಿಂದ ಬ್ರೇಕಿನ ವಿಡಿಯೋ ಮರಳಿತು. ಅಷ್ಟರಲ್ಲಿ ಬ್ರೇಕು ಸಿಗದ ಒಂದು ಬಸ್ಸು ಹಾಲಿನ ಅಂಗಡಿಗೆ ನುಗ್ಗಿ ಅದರ ಡ್ರೈವರನ ಕಾಲು ಮುರಿದಿತ್ತು. ಕಾನೂನನ್ನು ತಿದ್ದಲು ಶಾಸಕರ ಸಮಿತಿಯೊಂದು ಕೂತಿತು. ಈ ಸಲ ರೈಟಕ್ಕ ಪತ್ರಕರ್ತನ ಪಕ್ಕದಲ್ಲೇ ಕುಳಿತಳು.

"ಹೋದ ಸಲ ನಾನು ಲಗಾಮು ಯಾರ ಕೈಲಾದ್ರೂ ಇರ್ಲಿ ಅಂದಿದ್ದೆ" ಎಂದು ಅವಳು ಸಮಿತಿಗೆ ಹೇಳಿದಳು. "ಆ ಮಾತು ವಾಪಸ್ ತಗೋತೀನಿ. ಸಚಿವರಿಗೂ ಬೇಡ, ಕಂಪನಿಗೂ ಬೇಡ. ಇಬ್ಬರಿಗೂ ಹೆದರದೋರ ಕೈಲಿ ಇಡಿ. ಇನ್ನೊಂದು ಪ್ರಶ್ನೆ ಇದೆ, ಅವರನ್ನೇ ಕೇಳಿ. ನಮ್ಮ ಭಾಷೆ ಓದೋಕೆ ಬರೋರು ಎಷ್ಟು ಜನ ದೂರು ನೋಡ್ತಾರೆ?"

ಕಂಪನಿಯ ವಕೀಲ ಅದು ವ್ಯಾಪಾರದ ಗುಟ್ಟು ಎಂದ. ಸಮಿತಿಯ ಅಧ್ಯಕ್ಷೆ, ಶಾಲೆಯಲ್ಲಿ ಪಾಠ ಮಾಡಿ ಬಂದಿದ್ದ ಹಿರಿಯ ಹೆಂಗಸು, ಉತ್ತರ ಸಿಗುವವರೆಗೆ ಊಟಕ್ಕೆ ಯಾರನ್ನೂ ಬಿಡುವುದಿಲ್ಲ ಎಂದರು. ಫೋನುಗಳು ಓಡಾಡಿದವು. ಕೊನೆಗೆ ವಕೀಲ ಎದ್ದು, ಕೆಳಗೆ ನೋಡುತ್ತಾ, "ಒಂಬತ್ತು" ಎಂದ.

"ಒಂಬತ್ತು ಸಾವಿರವೇ?" ಅಧ್ಯಕ್ಷೆ ಕೇಳಿದರು.

"ಒಂಬತ್ತು ಜನ, ಮೇಡಂ. ಬೇರೆ ದೇಶದ ಕಚೇರಿಯಲ್ಲಿ."

"ಜಾಹೀರಾತು ಮಾರೋಕೆ?"

"ಇನ್ನೂರಕ್ಕೂ ಹೆಚ್ಚು."

ಕೋಟಿಗಟ್ಟಲೆ ಜನರ ದೇಶ. ಸಚಿವಾಲಯದ ಅಧಿಕಾರಿಗಳೂ ತಲೆ ತಗ್ಗಿಸಿದರು. ಇಷ್ಟು ದಿನ ಅವರೂ ಇದನ್ನು ಕೇಳಿರಲಿಲ್ಲ. ಅವರಿಗೆ ಬೇಕಾದ್ದನ್ನು ಕಂಪನಿ ತೆಗೆದುಕೊಡುತ್ತಿತ್ತಲ್ಲ, ಕೇಳುವ ಗರಜೇ ಬಿದ್ದಿರಲಿಲ್ಲ.

ಹೊರಗೆ ಮೊಗಸಾಲೆಯಲ್ಲಿ ವಕೀಲ ಬಂದು, "ನಿಮ್ಮ ನೋವು ನಮಗೆ ಅರ್ಥವಾಗುತ್ತೆ" ಎಂದು ಕೈ ಚಾಚಿದ. ರೈಟಕ್ಕ ಕೈ ಕೊಡಲಿಲ್ಲ. "ಅರ್ಥ ಮಾಡ್ಕೊಳ್ಳೋರು ಬೇಕಾದಷ್ಟು ಜನ ಸಿಕ್ಕಿದ್ರು ಸಾರ್. ಓದೋಕೆ ಬರೋರನ್ನ ಇಡಿ" ಎಂದಳು.

ತಿದ್ದುಪಡಿ ಇನ್ನೂ ಸಮಿತಿಯಲ್ಲೇ ಇದೆ. ಮಂಡಳಿ ಬರುತ್ತದೆ ಎನ್ನುವವರೂ ಇದ್ದಾರೆ, ಅದರಲ್ಲೂ ಸಚಿವರ ಬಾವಮೈದುನನೇ ಕೂರುತ್ತಾನೆ ಎನ್ನುವವರೂ ಇದ್ದಾರೆ. ಹುಡುಗಿ ಶಾಲೆ ಬದಲಿಸಿದ್ದಾಳೆ, ದೀಪ ಹಾಕುತ್ತಾಳೆ, ಆದರೆ ಒಣಬಟ್ಟೆಯಲ್ಲಿ ಬೆರಳು ಸುತ್ತಿಕೊಂಡು. ನಕಲು ಕಂಡಾಗಲೆಲ್ಲ ಇಬ್ಬರು ಹೆಂಗಸರು ಮೊದಲು ಜಾಹೀರಾತು ಯಾರದೆಂದು ನೋಡಿ ಆ ಅಂಗಡಿಗೆ ಹೋಗುತ್ತಾರೆ. ಹಾಸಿಗೆಯ ಅಂಗಡಿ, ಸೋಪಿನ ಏಜೆಂಟರು, ಒಂದು ಬ್ಯಾಂಕೂ ಆಯಿತು. "ಇನ್ನೂ ಎಷ್ಟು ದಿನ ಅಕ್ಕಾ ಈ ಸಿಟ್ಟು? ಆರೋಗ್ಯ ಕೆಡುತ್ತೆ" ಎಂದು ಡಿಪೋದ ಹಳೆಯ ಡ್ರೈವರ್ ಒಮ್ಮೆ ಬುದ್ಧಿ ಹೇಳಿದ.

"ಸಿಟ್ಟು ಆರಿಸೋದು ಗೊತ್ತಣ್ಣಾ" ಎಂದಳು ರೈಟಕ್ಕ, "ಆರಿಸಿದ್ರೆ ನಾಳೆ ಮುಂದಿನ ಅಂಗಡಿಗೆ ಯಾರು ಹೋಗ್ತಾರೆ?"